ಬತ್ತಿ ದ್ಯಾಮಣ್ಣ ಕಾಯ್ದ ಕತ್ತಲೆ

ಬೈರಿದೇವರಕೊಪ್ಪದಲ್ಲಿ ದ್ಯಾಮಣ್ಣನ ಮನೆ ಎಲ್ಲಿ ಎಂದು ಕೇಳಿದರೆ, ಯಾವ ದ್ಯಾಮಣ್ಣ ಎಂದು ಜನ ತಿರುಗಿ ಕೇಳುತ್ತಿದ್ದರು. ಬತ್ತಿ ದ್ಯಾಮಣ್ಣ ಎಂದರೆ ಸಣ್ಣ ಕೂಸು ಕೂಡ ಬೆರಳು ಮಾಡಿ ತೋರಿಸುತ್ತಿತ್ತು. ಇಪ್ಪತ್ತೈದು ವರ್ಷ ಅವನು ಗ್ಯಾಸ್‌ಬತ್ತಿ ಬಾಡಿಗೆಗೆ ಕೊಟ್ಟು ಬದುಕಿದವನು. ಇತ್ತ ಹುಬ್ಬಳ್ಳಿ, ಅತ್ತ ಅಮ್ಮಿನಬಾವಿ, ಸುಳ್ಳ, ಎಲ್ಲೇ ಮದುವೆಯಲ್ಲಿ ಮದುಮಗನ ಮೆರವಣಿಗೆ ಹೊರಡಲಿ, ಬಾಜಾದವರ ಎರಡೂ ಮಗ್ಗುಲಿಗೆ ಸುಂಯ್ ಎಂದು ಉರಿಯುತ್ತ ಸಾಗುವ ಬತ್ತಿಗಳು ಅವನವೇ. ಬತ್ತಿ ಹೊರುವವರು ಬೇರೆ ಇದ್ದರೂ ದ್ಯಾಮಣ್ಣ ಮನೆಯಲ್ಲಿ ಕೂಡುತ್ತಿರಲಿಲ್ಲ. ಕೈಯಲ್ಲಿ ಬತ್ತಿಯ ತೂತು ಬಿಡಿಸುವ ಪಿನ್ನು, ಕಿಸೆಯಲ್ಲಿ ಉರಿಗೆ ಕಟ್ಟುವ ಎರಡು ಮ್ಯಾಂಟಲ್ ಜಾಳಿಗೆ ಇಟ್ಟುಕೊಂಡು ಮೆರವಣಿಗೆಯ ಉದ್ದಕ್ಕೂ ಹಿಂದೆ ಮುಂದೆ ಓಡಾಡುತ್ತಿದ್ದ. ಯಾವ ಬತ್ತಿ ಕೆಂಪಗಾದರೂ ಓಡಿಹೋಗಿ ಪಂಪು ಹೊಡೆಯುತ್ತಿದ್ದ. "ಮದಲಿಂಗನ ಮಾರಿ ಮ್ಯಾಲ ನೆಳ್ಳ ಬೀಳಬಾರದು" ಎಂಬುದು ಅವನ ಕಸುಬಿನ ಶಾಸ್ತ್ರ.

ತೊಂಬತ್ತರ ದಶಕ ಕಣ್ಣು ಬಿಡುವ ಹೊತ್ತಿಗೆ ಕೈಗಾಡಿಯ ಮೇಲೆ ಜನರೇಟರ್ ಬಂತು. ಅದರ ಹಿಂದೆ ಟ್ಯೂಬ್‌ಲೈಟುಗಳ ಸಾಲು ಬಂತು. ದ್ಯಾಮಣ್ಣನ ಬತ್ತಿಗಳು ಅಟ್ಟ ಸೇರಿದವು. ಅವನು ಮನೆಯ ಮುಂದಿನ ಕಟ್ಟೆಯ ಮೇಲೆ ಪಂಪಿನ ಸ್ಟೋ ರಿಪೇರಿ ಮಾಡುತ್ತ ಕುಳಿತ. ಹೆಂಡತಿ ಕಾಳವ್ವ ಖಡಕ್ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತಿದ್ದಳು. ಮಕ್ಕಳಿಲ್ಲದ ಮನೆ, ಇಬ್ಬರಿಗೆ ಅದು ಸಾಕಾಗುತ್ತಿತ್ತು. ಆದರೆ ತಿಂಗಳಿಗೊಮ್ಮೆ ದ್ಯಾಮಣ್ಣ ಬತ್ತಿಗಳನ್ನು ಕೆಳಗಿಳಿಸಿ, ಬೂದಿ ಹಚ್ಚಿ ತಿಕ್ಕಿ, ಮತ್ತೆ ಮೇಲಿಡುವುದನ್ನು ನೋಡಿದಾಗ ಕಾಳವ್ವನಿಗೆ ಕರುಳು ಚುರ್ ಎನ್ನುತ್ತಿತ್ತು.

ಹಾಗಿರುವಾಗ ೧೯೯೪ರ ಮಳೆಗಾಲದಲ್ಲಿ ಧಾರವಾಡದ ಕಾಲೇಜು ಹುಡುಗರ ಗುಂಪೊಂದು ಅವನನ್ನು ಹುಡುಕಿಕೊಂಡು ಬಂತು. ಹಳಿಯಾಳದ ಕಡೆಗೆ ಹೋಗುವ ರಸ್ತೆಯಲ್ಲಿ ಎರೆನೆಲ ಮುಗಿದು ಕಾಡು ಸುರುವಾಗುವಲ್ಲಿ ಗವಿಕೊಪ್ಪ ಎಂಬ ಸಣ್ಣ ಊರಿದೆ. ಊರ ಹಿಂದಿನ ಕೆಂಪುಕಲ್ಲಿನ ಗುಡ್ಡದಲ್ಲಿ ದೊಡ್ಡ ಗವಿ ಇದೆಯಂತೆ. ಒಳಗೆ ಹೋಗಿ ನೋಡಬೇಕು, ಬ್ಯಾಟರಿ ಬೆಳಕು ಸಾಲುವುದಿಲ್ಲ, ಎರಡು ಗ್ಯಾಸ್‌ಬತ್ತಿ ಬೇಕು ಎಂದರು. ಬತ್ತಿಯನ್ನು ಹುಡುಗರ ಕೈಗೆ ಕೊಟ್ಟು ಕಳಿಸಲು ದ್ಯಾಮಣ್ಣನಿಗೆ ಧೈರ್ಯವಾಗಲಿಲ್ಲ. ತಾನೂ ಹೊರಟ.

ಗುಡ್ಡದ ಬುಡದಲ್ಲಿ ಕುರಿಹಟ್ಟಿ ಇತ್ತು. ಅದರ ಮುಂದೆ ಕಂಬಳಿ ಹೊದ್ದು ಕುಳಿತಿದ್ದ ಮುದುಕಿಯ ಹೆಸರು ಮಾಳವ್ವ. ಅವಳ ಮನೆತನದವರು ತಲೆತಲಾಂತರದಿಂದ ಆ ಗುಡ್ಡದಲ್ಲಿ ಕುರಿ ಕಾಯ್ದವರು. ಹೊತ್ತು ಮುಳುಗುವ ಮುಂಚೆಯೇ ಬತ್ತಿ ಹಚ್ಚಿಕೊಂಡು ಬರುತ್ತಿದ್ದ ದ್ಯಾಮಣ್ಣನನ್ನು ನೋಡಿ ಅವಳು ಎದ್ದು ನಿಂತಳು.

"ತಮ್ಮಾ, ಬತ್ತಿ ಇಲ್ಲೇ ಇಟ್ಟ ಹೋಗಪಾ. ಗವ್ಯಾಗ ಈಗ ಅವು ಹತ್ತ್ಯಾವು."

"ಯಾವು ಆಯೀ?"

"ಬೆಳಕಿನ ಹುಳಾ. ಮಳಿ ಬಿದ್ದಮ್ಯಾಲೆ ಮೂರ ತಿಂಗಳ ನಾವು ಅಲ್ಲಿ ಚಿಮಣಿ ಸೈತ ಒಯ್ಯಂಗಿಲ್ಲ."

ಹುಡುಗರು ನಕ್ಕರು. ದ್ಯಾಮಣ್ಣನಿಗೂ ಮುದುಕಿಯ ಮಾತು ಮುದುಕಿಯ ಮಾತಾಗಿಯೇ ಕೇಳಿಸಿತು. ಆದರೂ ಏನೋ ಅನಿಸಿ, ಗವಿಯ ಬಾಯಲ್ಲಿ ಕ್ಷಣಹೊತ್ತು ಬತ್ತಿಯ ಮೇಲೆ ತನ್ನ ಟವೆಲ್ಲು ಅಡ್ಡ ಹಿಡಿದ. ಮೊದಲ ಅಂಕಣ ದೊಡ್ಡ ಮನೆಯ ಪಡಸಾಲೆಯಷ್ಟು ಅಗಲ. ಗೋಡೆಗೆಲ್ಲ ಪಾಚಿ, ನೀರು ತೊಟ್ಟಿಕ್ಕುವ ಸಪ್ಪಳ. ಆ ಗೋಡೆಗಳ ಮೇಲೆ, ನೆಲದ ತರಗೆಲೆಯ ಮೇಲೆ, ತಲೆಯ ಮೇಲಿನ ಬಿರುಕಿನಲ್ಲಿ, ಹಸಿರು ಬೆಳಕಿನ ಚುಕ್ಕೆಗಳು. ಹಾರುವ ಮಿಂಚುಹುಳದ ಹಾಗೆ ಅವು ಮಿಣುಕುತ್ತಿರಲಿಲ್ಲ. ಹಚ್ಚಿಟ್ಟ ಹಾಗೆ ಇದ್ದವು. ನೂರೋ ಇನ್ನೂರೋ, ಎಣಿಸಲು ಆಗದಷ್ಟು. ಜೀವನದುದ್ದಕ್ಕೂ ಬೆಳಕಿನ ನಡುವೆಯೇ ಓಡಾಡಿದ ದ್ಯಾಮಣ್ಣ ಅಂಥ ಬೆಳಕು ಕಂಡಿರಲಿಲ್ಲ. ಅವನು ಬಾಯಿ ತೆರೆದು ನಿಂತಿರುವಾಗಲೇ ಹಿಂದಿನ ಹುಡುಗ ಎರಡನೆಯ ಬತ್ತಿ ಹಿಡಿದು ಒಳಗೆ ಬಂದ. ಚುಕ್ಕೆಗಳೆಲ್ಲ ಮಾಯವಾದವು. ಒಳಗಿನ ಅಂಕಣದಿಂದ ಬಾವಲಿಗಳು ಬಡಬಡ ಎಂದು ಎದ್ದವು.

ಆ ಹುಡುಗರು ಊರಿಗೆ ಹೋಗಿ ಗೆಳೆಯರಿಗೆ ಹೇಳಿದರು. ಗೆಳೆಯರು ಇನ್ನೊಬ್ಬರಿಗೆ ಹೇಳಿದರು. ಪತ್ರಿಕೆಯೊಂದರಲ್ಲಿ 'ನೆಲದೊಳಗಿನ ನಕ್ಷತ್ರಗಳು' ಎಂಬ ಬರಹ ಬಂತು. ಮರುವರ್ಷದ ಮಳೆಗಾಲದಲ್ಲಿ ಪ್ರತಿ ರವಿವಾರ ಜನ ತುಂಬಿದ ಟ್ರ್ಯಾಕ್ಸ್ ಗಾಡಿಗಳು ಬರತೊಡಗಿದವು. ದ್ಯಾಮಣ್ಣನ ಬತ್ತಿಗಳಿಗೆ ಮರುಜೀವ ಬಂತು. ಸಂಜೆ ಗವಿಯ ಬಾಯಲ್ಲಿ ಒಂದಿಷ್ಟು ಹೊತ್ತು ಕತ್ತಲಲ್ಲಿ ಹುಳ ತೋರಿಸುವುದು, ಆಮೇಲೆ ಬತ್ತಿ ಹಚ್ಚಿ ಒಳಗಿನ ಅಂಕಣಕ್ಕೆ ಕರೆದೊಯ್ದು ಬಾವಲಿ ತೋರಿಸುವುದು. ಜನ ಹೆಚ್ಚಾದಂತೆ ಕೈಯಲ್ಲಿ ಹಿಡಿದು ಪೂರೈಸಲಿಲ್ಲ. ಎಡಗಡೆಯ ಗೋಡೆಗೆ ಕಬ್ಬಿಣದ ಗೂಟ ಜಡಿದು ಎಂಟು ಬತ್ತಿ ತೂಗುಹಾಕಿದ. ಗವಿಕೊಪ್ಪದ ಹಾದಿಯಲ್ಲಿ ಚಹಾದ ಅಂಗಡಿಗಳೂ ಮಿರ್ಚಿ ಭಜಿ ಕರಿಯುವ ಒಲೆಗಳೂ ಎದ್ದವು. ಬತ್ತಿ ದ್ಯಾಮಣ್ಣ ಈಗ ಗವಿ ದ್ಯಾಮಣ್ಣನಾದ. ಬಂದವರು ಅವನೊಂದಿಗೆ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಅವನಿಗೆ ಅದು ಖುಷಿಯೇ ಆಗಿತ್ತು. ಅದನ್ನು ಅವನು ಮುಂದೆ ಯಾವತ್ತೂ ಮುಚ್ಚಿಡಲಿಲ್ಲ.

ಮಾಳವ್ವ ಮಾತ್ರ ಅವನನ್ನು ಕಂಡರೆ ಮಾರಿ ತಿರುವುತ್ತಿದ್ದಳು.

೧೯೯೮ರ ಮಳೆಗಾಲ. ಚುಕ್ಕೆಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದುದು ದ್ಯಾಮಣ್ಣನ ಕಣ್ಣಿಗೆ ಬಿದ್ದಿತ್ತು. ಮಳೆ ಸರಿಯಾಗಿಲ್ಲ, ಅದಕ್ಕೇ ಇರಬೇಕು ಎಂದು ತನಗೆ ತಾನೇ ಹೇಳಿಕೊಂಡಿದ್ದ. ಆ ವರ್ಷ ಮಳೆ ಚೆನ್ನಾಗಿಯೇ ಬಿತ್ತು. ಗವಿಯಲ್ಲಿ ಎಣಿಸಿದರೆ ಇಪ್ಪತ್ತೂ ಸಿಗಲಿಲ್ಲ. ಒಂದು ರವಿವಾರ ಜನ ಹೋದ ಮೇಲೆ ಬತ್ತಿ ಇಳಿಸುತ್ತಿರುವಾಗ ಕಾಲ ಬುಡದಲ್ಲಿ ಏನೋ ಮೆತ್ತಗೆ ಹೊರಳಿತು. ಬಗ್ಗಿ ನೋಡಿದ. ಕೂದಲು ಬಾರದ ಬಾವಲಿ ಮರಿ. ಹೆಬ್ಬೆರಳಿನಷ್ಟು. ಅದರ ಆಚೆ ಇನ್ನೂ ನಾಲ್ಕು ಬಿದ್ದಿದ್ದವು. ಅವುಗಳಲ್ಲಿ ಜೀವ ಇರಲಿಲ್ಲ. ಗದ್ದಲಕ್ಕೆ ಎದ್ದು ಹಾರಿದ ತಾಯಂದಿರ ಎದೆಯಿಂದ ಕಳಚಿ ಬಿದ್ದವು ಅವು. ದ್ಯಾಮಣ್ಣ ಮರಿಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಕುರಿಹಟ್ಟಿಗೆ ಬಂದ. ಮಾಳವ್ವ ಅರಳೆಯನ್ನು ಕುರಿಹಾಲಿನಲ್ಲಿ ಅದ್ದಿ ಅದರ ಬಾಯಿಗೆ ಹಿಡಿದಳು. ಅದು ಚೀಪಲಿಲ್ಲ. ಸ್ವಲ್ಪ ಹೊತ್ತಿಗೆ ಸುಮ್ಮನಾಯಿತು.

"ಬೈಯಬೇಕಂದ್ರ ಬೈದ ಬಿಡ ಆಯೀ," ಎಂದ ದ್ಯಾಮಣ್ಣ.

"ಬೈದ್ರ ಇದು ಹೊಳ್ಳಿ ಬರತೈತೇನು?" ಎಂದಳು ಮಾಳವ್ವ. "ಅಲ್ಲೊಬ್ಬಾಕಿ ಹುಡಿಗಿ ಬಂದಾಳ ನೋಡು, ಹುಳಾ ಎಣಸಾಕ. ಆಕಿನ್ನ ಮಾತಾಡ್ಸು. ನಂಗ ಗೊತ್ತಿರೂದು ಹೇಳಾಕ ಬರಂಗಿಲ್ಲ."

ಹುಡುಗಿಯ ಹೆಸರು ಗೀತಾಂಜಲಿ. ಧಾರವಾಡದಲ್ಲಿ ಪ್ರಾಣಿಶಾಸ್ತ್ರದ ಸಂಶೋಧನೆ ಮಾಡುತ್ತಿದ್ದಳು. ಬ್ಯಾಟರಿಯ ಗಾಜಿಗೆ ಕೆಂಪು ಹಾಳೆ ಎರಡು ಸುತ್ತು ಅಂಟಿಸಿಕೊಂಡು, ಗವಿಯ ನೆಲದ ಮೇಲೆ ಅಂಗಾತ ಮಲಗಿ ಪಟ್ಟಿ ಬರೆಯುವುದು ಅವಳ ಕೆಲಸ. ಮರುದಿನ ಸಂಜೆ, ಜನರಿಲ್ಲದ ಸೋಮವಾರ, ಅವಳು ದ್ಯಾಮಣ್ಣನನ್ನು ಬರಿಗಾಲಲ್ಲಿ ಒಳಗೆ ಕರೆದೊಯ್ದಳು. ಪಾಚಿಯ ಮೇಲೆ ಹೊಳೆಯುತ್ತಿದ್ದ ಒಂದು ಚುಕ್ಕೆಯ ಹತ್ತಿರ ಕೂಡಿಸಿದಳು. ಕೆಂಪು ಬೆಳಕಿನಲ್ಲಿ ನೋಡಿದರೆ ಅದು ಕಿರುಬೆರಳಿನ ಉಗುರಿಗಿಂತ ತುಸು ಉದ್ದದ, ರೆಕ್ಕೆ ಇಲ್ಲದ ಹುಳ.

"ಇದು ಹೆಣ್ಣು ಅದರೀ ಕಾಕಾ," ಎಂದಳು ಪಿಸುದನಿಯಲ್ಲಿ. "ಇಕಿಗೆ ಹಾರಾಕ ಬರಂಗಿಲ್ಲ. ಮಣ್ಣಾಗ ಒಂದ ವರ್ಷದ ಮ್ಯಾಲೆ ಬಸವನಹುಳಾ ತಿಂದು ಬೆಳೀತಾಳ. ದೊಡ್ಡಾಕಿ ಆದಮ್ಯಾಲೆ ಊಟಾನೂ ಇಲ್ಲ. ಹತ್ತ ಹನ್ನೆರಡ ದಿವಸಷ್ಟ ಬದುಕು. ಅಷ್ಟ್ರಾಗ ಎತ್ತರದ ಜಾಗಾ ಏರಿ ದೀಪಾ ಹಚ್ಚಿ ಕೂಡ್ತಾಳ."

"ಯಾಕ್ರೀ ಅಕ್ಕಾರ?"

"ಗಂಡ ಹುಳಾ ಬರಲಿ ಅಂತ. ಅಂವಂಗ ರೆಕ್ಕಿ ಅದಾವು. ಕಾಡ ಕಡಿಂದ ಹಾರಿ ಬರ್ತಾನ. ಈ ಬೆಳಕಷ್ಟ ಅಂವಂಗ ಗುರ್ತು. ನಮ್ಮ ಬತ್ತಿ ಉರೀಲಿಕ್ಕೆ ಹತ್ತಿದ್ರ ಅಂವಂಗ ಇಕಿ ಕಾಣಸಂಗಿಲ್ಲ. ಇಕಿ ಕಾಯ್ದು ಕಾಯ್ದು ಸಾಯ್ತಾಳ."

ದ್ಯಾಮಣ್ಣ ಎದ್ದು ಹೊರಗೆ ಬಂದ. ಗವಿಯ ಬಾಯಿಯ ಬಂಡೆಯ ಮೇಲೆ ಕುಳಿತ.

"ಹಂಗಂದ್ರ ಇದು ಮದಿವಿ ಮನಿ ಅಲ್ಲೇನ್ರಿ? ಇಪ್ಪತ್ತೈದ ವರ್ಷ ಮದಲಿಂಗನ ಮಾರಿಗೆ ಬೆಳಕ ಹಿಡದಾಂವ ನಾನು. ಇಲ್ಲಿ ಬಂದು ಮದಲಿಂಗಂಗ ದಾರಿ ಕಾಣದಂಗ ಮಾಡೇನಿ."

ಅಂದೇ ಎಂಟೂ ಬತ್ತಿಗಳನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದ. ಮನೆಗೆ ಬಂದು ಕಾಳವ್ವನಿಗೆ ಎಲ್ಲವನ್ನೂ ಹೇಳಿದ. ಬಾವಲಿ ಮರಿಯ ಮಾತು ಬಂದಾಗ ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನಾಳೆಯಿಂದ ಗವಿಯ ದುಡಿಮೆ ಇಲ್ಲ ಎಂದಾಗ ಇಷ್ಟೇ ಅಂದಳು: "ರೊಟ್ಟಿ ಅದಾವಲ್ರಿ, ಸ್ಟೋ ಅದಾವಲ್ರಿ. ಖರೇ ತಪ್ಪು ಅನಿಸಿದ್ದು ಬಿಡಾಕ ನನ್ನ ಯಾಕ ಕೇಳ್ತೀರಿ?"

ದ್ಯಾಮಣ್ಣ ಬಿಟ್ಟ. ಆದರೆ ಜನ ಬಿಡಲಿಲ್ಲ. ಬತ್ತಿ ಇಲ್ಲದಿದ್ದರೆ ದೊಡ್ಡ ಬ್ಯಾಟರಿ ತಂದರು. ಅದೂ ಇಲ್ಲದವರು ತೆಂಗಿನ ಗರಿಯ ಸೂಡಿ ಹಚ್ಚಿಕೊಂಡು ಬಂದರು. ಗವಿಯ ತುಂಬ ಹೊಗೆ. ತಾನು ತೆರೆದ ಬಾಗಿಲು ತಾನು ಹೊರಟುಹೋದ ಮಾತ್ರಕ್ಕೆ ಮುಚ್ಚುವುದಿಲ್ಲ ಎಂಬುದು ಅವನಿಗೆ ಗೊತ್ತಾಗಲು ಎರಡು ವಾರ ಹಿಡಿಯಿತು. ಮೂರನೆಯ ವಾರ ಅವನು ಬರಿಗೈಯಲ್ಲಿ ಗವಿಕೊಪ್ಪಕ್ಕೆ ಹೋಗಿ ಗವಿಯ ಬಾಯಲ್ಲಿ ಕುಳಿತ.

ಯಾರೂ ಅವನಿಗೆ ಆ ಅಧಿಕಾರ ಕೊಟ್ಟಿರಲಿಲ್ಲ. ಕೈಯಲ್ಲಿ ಕೋಲೂ ಇರಲಿಲ್ಲ. ಬಂದವರಿಗೆ ಕೈಮುಗಿದು ಹೇಳುತ್ತಿದ್ದ. "ಬ್ಯಾಟ್ರಿ ಆರಿಸ್ರಿ. ಇಲ್ಲೇ ಬಂಡಿಗಲ್ಲಿನ ಮ್ಯಾಲೆ ಕೂಡ್ರಿ. ಒಳಗ ಹೋಗಬ್ಯಾಡ್ರಿ. ಅರ್ಧಾ ತಾಸು ಸುಮ್ಮ ಕೂತ್ರ ನಾ ಹೇಳಿದ್ದು ಖರೇ ಅಂತ ನಿಮಗ ಗೊತ್ತಾಕ್ಕೈತಿ." ಕೆಲವರು ಕೂಡುತ್ತಿದ್ದರು. ಹಲವರು ನಗುತ್ತಿದ್ದರು. "ನಿನ್ನೆ ತನಕಾ ಇಂವನ ಬತ್ತಿ ಹಿಡಕೊಂಡು ಒಳಗ ಕರಕೊಂಡ ಹೊಕ್ಕಿದ್ದ, ಇವತ್ತ ಶರಣ ಆಗ್ಯಾನ" ಎಂದು ಚಹಾದ ಅಂಗಡಿಯ ಹನುಮವ್ವ ಎಲ್ಲರೆದುರಿಗೆ ಆಡಿದಳು. ಅವಳದು ಸುಳ್ಳು ಮಾತೇನಲ್ಲ. ದ್ಯಾಮಣ್ಣ ತಲೆ ತಗ್ಗಿಸಿ ಕೇಳಿಸಿಕೊಂಡ. ಮರುವಾರ ಮತ್ತೆ ಬಂದ.

ಹೀಗೆ ಎರಡು ಮಳೆಗಾಲ. ವಾರದ ದಿನಗಳಲ್ಲಿ ಸ್ಟೋ ರಿಪೇರಿ, ಶನಿವಾರ ಮಧ್ಯಾಹ್ನದ ಬಸ್ಸಿಗೆ ಗವಿಕೊಪ್ಪ, ರಾತ್ರಿ ಮಾಳವ್ವನ ಹಟ್ಟಿಯಲ್ಲಿ ವಸ್ತಿ, ರವಿವಾರ ಕತ್ತಲಾದ ಮೇಲೆ ಕೊನೆಯ ಬಸ್ಸಿಗೆ ಊರು. ೨೦೦೦ದ ಆಗಸ್ಟ್‌ನಲ್ಲಿ ಕುಡಿದು ಬಂದ ಒಂದು ಗುಂಪು ಜೀಪನ್ನು ಗವಿಯ ಎದುರಿನವರೆಗೆ ಹತ್ತಿಸಿ, ಅದರ ದೀಪವನ್ನು ಗವಿಯ ಬಾಯಿಗೆ ಹಾಯಿಸಿ, ಟೇಪ್ ಹಚ್ಚಿ ಕುಣಿಯತೊಡಗಿತು. ದ್ಯಾಮಣ್ಣ ಹೋಗಿ ಜೀಪಿನ ದೀಪಕ್ಕೆ ಬೆನ್ನು ಕೊಟ್ಟು ನಿಂತ. ತನ್ನ ಮೈಯಿಂದಲೇ ಬೆಳಕು ತಡೆಯುತ್ತೇನೆ ಎಂಬಂತೆ ತೋಳು ಅಗಲಿಸಿದ್ದ. ಅವರಲ್ಲೊಬ್ಬ ನೂಕಿದ. ದ್ಯಾಮಣ್ಣ ಕಲ್ಲಿನ ಮೇಲೆ ಬಿದ್ದ, ಬಲಗೈಯ ಮಣಿಕಟ್ಟು ಮುರಿಯಿತು.

ಅವನನ್ನು ಎತ್ತಿ ಕೂಡಿಸಿದವಳು ಹನುಮವ್ವ. ಬಿದಿರ ಸೀಳು ಇಟ್ಟು, ಸೀರೆಯ ಅಂಚು ಹರಿದು ಕೈಗೆ ಕಟ್ಟಿದಳು. "ಏನ್ ಮನಷ್ಯಾನೋ ಯಣ್ಣಾ ನೀನು!" ಎಂದು ಬೈಯುತ್ತಲೇ ಅತ್ತಳು. ಮುಂದಿನ ರವಿವಾರ ಮಣಿಕಟ್ಟಿಗೆ ಪ್ಲಾಸ್ಟರ್ ಹಾಕಿಕೊಂಡ ದ್ಯಾಮಣ್ಣ ಬಸ್ಸಿಳಿದಾಗ ಅವನ ಹಿಂದೆ ರೊಟ್ಟಿಯ ಗಂಟು ಹೊತ್ತ ಕಾಳವ್ವ ಇದ್ದಳು. ಗವಿಯ ಹಾದಿಗೆ ಬಂದರೆ ಅಲ್ಲಿ ಆಗಲೇ ಮೂರು ಜನ ಹೆಂಗಸರು ಕುಳಿತಿದ್ದರು. ಹನುಮವ್ವ, ಅವಳ ಸೊಸೆ ದುರ್ಗಾ, ನಡುವೆ ಕಂಬಳಿ ಹಾಸಿಕೊಂಡು ಮಾಳವ್ವ. "ಹೆಣಮಕ್ಕಳನ್ನ ದಾಟಿ ಯಾಂವ ಹೊಕ್ಕಾನ ನೋಡೂಣು," ಎಂದಳು ಹನುಮವ್ವ. ಅಂದು ಯಾರೂ ದಾಟಲಿಲ್ಲ.

ಮರುವರ್ಷ ಇನ್ನೊಂದು ಸುದ್ದಿ ಬಂತು. ಗವಿಕೊಪ್ಪದ ಪಂಚಾಯ್ತಿ ಅಧ್ಯಕ್ಷ ಅರ್ಜುನಪ್ಪ ಗವಿಯೊಳಗೆ ಸಿಮೆಂಟಿನ ಮೆಟ್ಟಿಲು ಕಟ್ಟಿಸಿ, ಜನರೇಟರ್ ಇಟ್ಟು ಬಣ್ಣದ ಬಲ್ಬು ಹಾಕಿಸುವ ವಿಚಾರ ಮಾಡಿದ್ದ. ಅವನು ಕೆಟ್ಟ ಮನುಷ್ಯನಲ್ಲ. ಊರಿಗೆ ಡಾಂಬರು ರಸ್ತೆ ತಂದವನು, ಶಾಲೆಗೆ ಎರಡು ಕೋಣೆ ಕಟ್ಟಿಸಿದವನು. ಗವಿಯಿಂದ ಊರು ಉದ್ಧಾರವಾಗಬೇಕು ಎಂಬುದು ಅವನ ಆಸೆ. ಪಂಚಾಯ್ತಿಯ ಮುಂದೆ ದ್ಯಾಮಣ್ಣ ನಿಂತಾಗ ಅವನು ಮುಚ್ಚುಮರೆ ಇಲ್ಲದೆ ಕೇಳಿದ.

"ದ್ಯಾಮಣ್ಣಾರ, ನೀವು ಬೈರಿದೇವರಕೊಪ್ಪದಾವ್ರು. ಬಸ್ಸು ಹತ್ತಿ ಹೋಗಿಬಿಡ್ತೀರಿ. ಗವಿ ಬಂದ್ ಮಾಡಿದ್ರ ನಮ್ಮ ಊರ ಹೆಣಮಕ್ಕಳ ಅಂಗಡಿ ಗತಿ ಏನ್ರಿ?"

"ಬಂದ್ ಮಾಡ್ರಿ ಅಂತ ನಾ ಎಲ್ಲಿ ಅಂದೇನ್ರಿ ಸಾವ್ಕಾರ್ರ? ಜನಾ ಬರಲಿ. ಗವಿ ಬಾಯಿ ಹೊರಗ, ಬಂಡಿಗಲ್ಲಿನ ಮ್ಯಾಲೆ ಕೂತು ನೋಡಲಿ. ಬೆಳಕ ಬ್ಯಾಡ."

"ಕತ್ತಲಿ ನೋಡಾಕ ಯಾರ ಬರ್ತಾರೋ ಮಾರಾಯಾ?" ಅರ್ಜುನಪ್ಪ ನಕ್ಕ. ಸಭೆಯೂ ನಕ್ಕಿತು.

"ನೀವು ಬರ್ರಿ," ಎಂದ ದ್ಯಾಮಣ್ಣ. "ಈ ಶನಿವಾರ. ಒಂದ ತಾಸು ಕೂಡ್ರಿ. ಆಮ್ಯಾಲೆ ನೀವು ಏನ್ ಮಾಡಿದ್ರೂ ನಾ ತುಟಿ ಬಿಚ್ಚಂಗಿಲ್ಲ."

ಅರ್ಜುನಪ್ಪ ಬಂದ. ಮೋಡ ಕವಿದ ಸಂಜೆ. ಬಂಡೆಯ ಮೇಲೆ ದ್ಯಾಮಣ್ಣನ ಪಕ್ಕದಲ್ಲಿ ಕುಳಿತು ಹತ್ತು ನಿಮಿಷಕ್ಕೆ ಬೇಸತ್ತು ಬೀಡಿ ಹಚ್ಚಿದ. ದ್ಯಾಮಣ್ಣ ಏನೂ ಅನ್ನದೆ ಅವನ ತುಟಿಯಿಂದ ಬೀಡಿ ತೆಗೆದು ಬಂಡೆಗೆ ಒತ್ತಿ ಆರಿಸಿದ. ಪಂಚಾಯ್ತಿ ಅಧ್ಯಕ್ಷನ ಬಾಯಿಂದ ಬೀಡಿ ಕಸಿದವರು ಆ ಊರಲ್ಲಿ ಅದುವರೆಗೆ ಯಾರೂ ಇರಲಿಲ್ಲ. ಅರ್ಜುನಪ್ಪ ಬಯ್ಯಲು ಬಾಯಿ ತೆರೆದ; ಅಷ್ಟರಲ್ಲಿ ಗವಿಯೊಳಗಿಂದ ಗಾಳಿ ಬೀಸಿದ ಹಾಗೆ ಬಾವಲಿಗಳ ಹಿಂಡು ಹೊರಟಿತು. ತಲೆಯ ಮೇಲೆ ಮೊಳದ ಎತ್ತರದಲ್ಲಿ, ಒಂದಕ್ಕೊಂದು ತಾಗದೆ, ನದಿ ಹರಿದಂತೆ. ಗದ್ದೆಗಳ ಕಡೆಗೆ ತಿರುಗಿ ಹೋದವು. ಅವು ಹೋಗಿ ಮುಗಿಯುವ ಹೊತ್ತಿಗೆ ಕಣ್ಣು ಕತ್ತಲಿಗೆ ಹೊಂದಿಕೊಂಡಿತ್ತು. ಒಳಗಿನ ಗೋಡೆಯಲ್ಲಿ ಒಂದು ಚುಕ್ಕೆ. ಆಮೇಲೆ ಇನ್ನೊಂದು. ಅಂದು ಕಂಡವು ಹನ್ನೊಂದೇ. ಕಾಡಿನ ಕಡೆಯಿಂದ ಮಿಣುಕುತ್ತ ಬಂದ ಗಂಡುಹುಳವೊಂದು ಇಬ್ಬರ ನಡುವಿನಿಂದಲೇ ಹಾದು ಒಳಗೆ ಹೋಯಿತು. ಒಂದು ಚುಕ್ಕೆಯ ಸುತ್ತ ಎರಡು ಸುತ್ತು ಹಾಕಿ ಇಳಿಯಿತು. ಸ್ವಲ್ಪ ಹೊತ್ತಿಗೆ ಆ ಚುಕ್ಕೆ ಆರಿತು.

"ಏನಾತು?" ಎಂದ ಅರ್ಜುನಪ್ಪ ಗಾಬರಿಯಿಂದ.

"ಅಕ್ಷತಾ ಬಿತ್ತು," ಎಂದ ದ್ಯಾಮಣ್ಣ. "ಇನ್ನ ದೀಪದ ಕೆಲಸ ಇಲ್ಲ."

ಅರ್ಜುನಪ್ಪ ಒಂದು ತಾಸು ಕಳೆದ ಮೇಲೂ ಏಳಲಿಲ್ಲ. ಕೊನೆಗೆ ಎದ್ದು ಧೋತರ ಕೊಡವಿಕೊಂಡು ಹೇಳಿದ. "ಒಂದ ಮಳಗಾಲ ನೀವು ಹೇಳಿದಂಗ ಮಾಡಿ ನೋಡೂಣು. ಒಂದ."

ಮಾಡಿದರು. ಜನ ಕಡಿಮೆಯಾದರು ಎಂಬುದು ಖರೇ. ಗದ್ದಲಕ್ಕೆಂದು ಬರುತ್ತಿದ್ದವರು ಬೇರೆ ಕಡೆ ಹೋದರು. ಬಂದವರು ಮಾತ್ರ ಸಂಜೆಗೆ ಮುಂಚೆಯೇ ಬಂದು ಬಹಳ ಹೊತ್ತು ಕೂಡುತ್ತಿದ್ದರು. ಹನುಮವ್ವನ ಚಹಾ, ಭಜಿ ಮೊದಲಿನಷ್ಟೇ ಖರ್ಚಾದವು. ಆದರೆ ಒಳಗಿನ ಅಂಕಣಕ್ಕೆ ಕದ್ದು ನುಗ್ಗುವವರು ನಿಲ್ಲಲಿಲ್ಲ. ಒಂದು ಗೇಟು ಬೇಕೇ ಬೇಕಾಯಿತು. ಹುಬ್ಬಳ್ಳಿಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿದ್ದ ಕಮರುದ್ದೀನ ದ್ಯಾಮಣ್ಣನ ಹಳೆಯ ಗೆಳೆಯ. ಬತ್ತಿಯ ತೂತುಬಿದ್ದ ಟಾಕಿಗಳಿಗೆ ಬೆಸುಗೆ ಹಾಕಿಕೊಟ್ಟವನು. ೨೦೦೨ರ ಮೇ ತಿಂಗಳಲ್ಲಿ ಅವನು ಗಟ್ಟಿಯಾದ ಗೇಟು ಮಾಡಿ, ಟೆಂಪೋದಲ್ಲಿ ಹೇರಿಕೊಂಡು ಬಂದು, ಒಳ ಅಂಕಣದ ಕಿರಿದಾದ ಬಾಯಿಗೆ, ತೆರೆಯಲು ಬಾರದಂತೆ ಕಲ್ಲಿಗೇ ಜಡಿದು ಕೂಡಿಸಿದ. ಸರಳುಗಳೆಲ್ಲ ನೆಟ್ಟಗೆ, ಒತ್ತೊತ್ತಾಗಿ. ಕೈ ತೂರಿಸಲೂ ಜಾಗ ಇಲ್ಲ. ಇಬ್ಬರೂ ಬೆವರು ಒರೆಸಿಕೊಂಡು ಹೆಮ್ಮೆಯಿಂದ ನೋಡಿದರು.

ಸಂಜೆಯಾಯಿತು. ಬಾವಲಿಗಳು ಹೊರಡುವ ಹೊತ್ತು. ಹಿಂಡು ಗೇಟಿನವರೆಗೆ ಬಂತು, ತಿರುಗಿತು. ಮತ್ತೆ ಬಂತು, ಮತ್ತೆ ತಿರುಗಿತು. ರೆಕ್ಕೆಗಳು ಸರಳಿಗೆ ಬಡಿಯುವ ಸಪ್ಪಳ ಕೇಳಿಸತೊಡಗಿತು. ಒಂದೆರಡು ಕೆಳಗೆ ಬಿದ್ದವು. ದ್ಯಾಮಣ್ಣ ಗೇಟಿನ ಕಡೆಗೆ ಓಡಿದ.

"ಕಮರು, ಕೊಯ್ಯೋ! ಕೊಯ್ದ ಒಗಿ!"

"ಇವತ್ತ ಕೂಡ್ಸೇವಲ್ಲೋ ದ್ಯಾಮಾ!"

"ಕೂಡ್ಸಿದ್ದ ತಪ್ಪಾತು. ಕೊಯ್ಯಿ!"

ಕರೆಂಟು ಇಲ್ಲದ ಜಾಗ. ಎರಡು ಹ್ಯಾಕ್ಸಾ ಬ್ಲೇಡು ಹಿಡಿದು ಇಬ್ಬರೂ ಕೊಯ್ಯತೊಡಗಿದರು. ದ್ಯಾಮಣ್ಣನ ಬಲಗೈಗೆ ಮೊದಲಿನ ಬಲ ಇರಲಿಲ್ಲ, ಎಡಗೈಯಿಂದ ಕೊಯ್ದ. ಬ್ಲೇಡು ಮುರಿದಾಗ ಕಮರುದ್ದೀನ ಸುತ್ತಿಗೆ ತೆಗೆದುಕೊಂಡು ಕಲ್ಲಿನ ಸಂದಿಯಿಂದ ಗೇಟನ್ನೇ ಸಡಿಲಿಸಿದ. ಒಂದು ಮಗ್ಗುಲು ಕಳಚಿ ಗೇಟು ವಾಲಿದ್ದೇ ತಡ, ಬಾವಲಿಗಳು ಅವರ ಭುಜ ಸವರಿಕೊಂಡು ಹೊರಗೆ ಹರಿದವು. ಇಬ್ಬರೂ ಅಲ್ಲೇ ಕುಸಿದು ಕುಳಿತರು. ಕಮರುದ್ದೀನನ ಅಂಗೈಯಲ್ಲಿ ಬೊಬ್ಬೆ ಎದ್ದಿದ್ದವು. "ನಂದೂ ಮೂವತ್ತ ವರ್ಷದ ಕಸಬು," ಎಂದ ಅವನು. "ಮಾಡಿದ ಗೇಟ ಅದ ದಿನಾ ಮುರದದ್ದು ಇದ ಮೊದಲು." ಬೇಸರದಿಂದ ಹೇಳಿದನೋ ನಗುತ್ತ ಹೇಳಿದನೋ, ಕತ್ತಲಲ್ಲಿ ಕಾಣಿಸಲಿಲ್ಲ.

ಗೀತಾಂಜಲಿ ಹಾಳೆಯ ಮೇಲೆ ಹೊಸ ಗೇಟಿನ ಚಿತ್ರ ಬರೆದುಕೊಟ್ಟಳು. ಸರಳು ಅಡ್ಡ ಇರಬೇಕು, ಒಂದಕ್ಕೊಂದು ಚೋಟು ಅಂತರ ಬೇಕು. ಬಾವಲಿ ಹಾರಿಬರುವಾಗ ಅಡ್ಡ ಸಂದಿಯಲ್ಲಿ ತೂರಬಲ್ಲದು, ಮನುಷ್ಯ ತೂರಲಾರ. ಕಮರುದ್ದೀನ ಮೊದಲು ಬಿದಿರಿನ ಗಳಗಳನ್ನು ಅದೇ ಅಂತರಕ್ಕೆ ಕಟ್ಟಿ, ಮೂರು ಸಂಜೆ ಕಾದು ನೋಡಿ, ಬಾವಲಿಗಳು ತಡೆಯಿಲ್ಲದೆ ಹೋಗುವುದನ್ನು ಕಣ್ಣಾರೆ ಕಂಡ ಮೇಲೆಯೇ ಕಬ್ಬಿಣಕ್ಕೆ ಕೈ ಹಾಕಿದ. ಆ ಗೇಟು ನಿಂತಿತು. ಬೀಗದ ಕೈಯನ್ನು ಪಂಚಾಯ್ತಿಯವರು ಹನುಮವ್ವನಿಗೆ ಒಪ್ಪಿಸಿದರು.

ಅರಣ್ಯ ಇಲಾಖೆಯವರು ಬಂದು ನೋಡಿ ಮುಂದಿನ ವರ್ಷ ಒಂದು ಬೋರ್ಡು ನೆಟ್ಟರು. ಮಳೆಗಾಲದಲ್ಲಿ ದಿನಕ್ಕೆ ಮೂವತ್ತೇ ಜನ, ಬರಿಗಾಲು, ಬೆಳಕಿಲ್ಲ, ಬಂಡೆ ದಾಟುವಂತಿಲ್ಲ. ಬೋರ್ಡಿನ ಮೇಲೆ ದ್ಯಾಮಣ್ಣನ ಹೆಸರು ಇರಲಿಲ್ಲ. ಗೀತಾಂಜಲಿಗೆ ಸಿಟ್ಟು ಬಂತು. ಅವನಿಗೆ ಅದು ತಲೆಗೇ ಹೋಗಲಿಲ್ಲ. ಬೋರ್ಡು ನೆಡಲು ತೋಡಿದ ಮಣ್ಣನ್ನು ತರಗೆಲೆಯ ಮೇಲೆ ಸುರಿದಿದ್ದಾರೆ, ಆ ಎಲೆಯೊಳಗೆ ಮರಿಹುಳ ಇರುತ್ತವೆ ಎಂದು ಬೊಗಸೆಯಲ್ಲಿ ಎತ್ತಿ ಹಾಕುತ್ತಿದ್ದ.

ಹುಳಗಳು ಒಮ್ಮೆಲೇ ಮರಳಲಿಲ್ಲ. ೨೦೦೩ರಲ್ಲಿ ಹದಿನೇಳು, ೨೦೦೪ರಲ್ಲಿ ಮತ್ತೆ ಹನ್ನೆರಡಕ್ಕೆ ಇಳಿದವು. ಆ ವರ್ಷ ದ್ಯಾಮಣ್ಣ ಊಟ ಸರಿಯಾಗಿ ಮಾಡಲಿಲ್ಲ ಎಂದು ಕಾಳವ್ವ ಹೇಳುತ್ತಿದ್ದಳು. ಅದೇ ಚಳಿಗಾಲದಲ್ಲಿ ಮಾಳವ್ವ ತೀರಿಕೊಂಡಳು. ೨೦೦೬ರಲ್ಲಿ ಗೀತಾಂಜಲಿಯ ಪಟ್ಟಿ ಅರವತ್ತು ದಾಟಿತು. ೨೦೦೮ರಲ್ಲಿ ನೂರಾ ಹತ್ತು. ಬಲಗಡೆಯ ಗೋಡೆ, ನೆಲ, ನೆತ್ತಿಯ ಬಿರುಕು ಮೊದಲಿನಂತೆಯೇ ಹತ್ತಿಕೊಂಡವು. ಎಡಗಡೆಯ ಗೋಡೆ ಮಾತ್ರ ಬೋಳಾಗಿಯೇ ಉಳಿಯಿತು. ಎಂಟು ಬತ್ತಿಗಳ ಝಳಕ್ಕೆ ಅಲ್ಲಿಯ ಪಾಚಿ ಸುಟ್ಟು, ಕಲ್ಲು ಒಣಗಿ ಸಿಡಿದಿತ್ತು. ಬಂದ ಪ್ರತಿಯೊಂದು ಗುಂಪಿಗೂ ದ್ಯಾಮಣ್ಣ ಅದನ್ನು ತಾನಾಗಿಯೇ ಹೇಳುತ್ತಿದ್ದ: "ಎಡಕ ಕತ್ತಲಿ ಐತೆಲ್ರಿ, ಅದು ನಾ ಮಾಡಿದ್ದು. ಅಲ್ಲಿ ಬತ್ತಿ ತೂಗ ಹಾಕಿದ್ದೆ." ಹಾಗೆ ಹೇಳಬೇಡಿ ಎಂದು ದುರ್ಗಾ ಎಷ್ಟೋ ಸಲ ಅಂದಳು. "ಹೇಳದಿದ್ರ ಜನಕ್ಕ ಹೆಂಗ ತಿಳೀಬೇಕವಾ, ಒಬ್ಬಾಂವನಿಂದ ಎಷ್ಟ ಹಾಳಾಗತೈತಿ ಅಂತ?" ಎನ್ನುತ್ತಿದ್ದ.

ಅಟ್ಟದ ಬತ್ತಿಗಳನ್ನು ಅವನು ಒಂದೊಂದಾಗಿ ಮೀನು ಹಿಡಿಯುವವರಿಗೆ, ಸಂತೆಯ ಅಂಗಡಿಯವರಿಗೆ ಕೊಟ್ಟುಬಿಟ್ಟಿದ್ದ. ಮೊಳಕಾಲು ನೋವು ಸುರುವಾದ ಮೇಲೆ ಗುಡ್ಡ ಹತ್ತುವಾಗ ದುರ್ಗಾ ಕೈ ಕೊಡುತ್ತಿದ್ದಳು. ಹುಳಗಳ ಲೆಕ್ಕ ಇಡುವುದನ್ನು ಗೀತಾಂಜಲಿ ಅವಳಿಗೇ ಕಲಿಸಿದ್ದಳು. ದ್ಯಾಮಣ್ಣನಿಗೆ ಉಳಿದ ಕೆಲಸವೆಂದರೆ ಬಂಡೆಯ ಮೇಲೆ ಕುಳಿತವರನ್ನು ಸುಮ್ಮನಿರಿಸುವುದು.

೨೦೦೯ರ ಜುಲೈ ಕೊನೆಯ ಶನಿವಾರ ಸುಳ್ಳ ಊರಿನ ಶಾಲೆಯಿಂದ ಮಕ್ಕಳು ಬಂದಿದ್ದರು. ಬಾವಲಿಗಳು ಹೋಗಿ ಮುಗಿದು, ಚುಕ್ಕೆಗಳು ಇನ್ನೂ ಕಾಣಿಸದ, ಏನೂ ಇಲ್ಲದ ಹೊತ್ತು. ಅಂಥ ಹೊತ್ತಿನಲ್ಲಿ ಮಕ್ಕಳಿಗೆ ಅಂಜಿಕೆಯಾಗುತ್ತದೆ. ಅವನ ಪಕ್ಕದಲ್ಲಿದ್ದ ಹುಡುಗಿ ಅವನ ಅಂಗಿಯ ತುದಿ ಹಿಡಿದುಕೊಂಡಳು.

"ಅಜ್ಜಾ, ನಿಮಗ ಕತ್ತಲಿ ಅಂಜಿಕಿ ಬರಂಗಿಲ್ಲೇನ್ರಿ?"

"ಬರ್ತಿತ್ತು ಯವ್ವಾ," ಎಂದ ದ್ಯಾಮಣ್ಣ. "ಬಾಳ ಬರ್ತಿತ್ತು. ಅದಕ್ಕ ಅಲ್ಲೇನು, ಮನಿ ತುಂಬ ಬತ್ತಿ ಇಟ್ಟಕೊಂಡಿದ್ದು."

ಹುಡುಗಿ ಕಿಸಕ್ಕನೆ ನಕ್ಕಳು. ಅವನು ತುಟಿಯ ಮೇಲೆ ಬೆರಳಿಟ್ಟು, ಅವಳ ಮೋರೆಯನ್ನು ಮೆಲ್ಲಗೆ ಬಲಗಡೆಯ ಗೋಡೆಯ ಕಡೆಗೆ ತಿರುಗಿಸಿದ.